ವಸಂತದಲ್ಲಿ ಕ್ಯಾಂಪಸ್ ಕಲಾ ಹಬ್ಬ: ಮೊದಲ ಸಭೆಯಿಂದ ಕೊನೆಯ ಬಿಲ್ಲಿನವರೆಗೆ

ಫೆಬ್ರವರಿ ಮುಗಿಯುತ್ತಾ ಬಂದ ಹಾಗೆ ನಮ್ಮ ವಿಶ್ವವಿದ್ಯಾಲಯಗಳ ಕ್ಯಾಂಪಸ್ ಬೇರೆಯದೇ ಕಳೆ ತಾಳುತ್ತದೆ. ಮುತ್ತುಗ ಎಲೆ ಉದುರಿಸಿ ಕೆಂಪಗೆ ನಿಂತಿರುತ್ತದೆ. ಹೊಂಗೆ ಚಿಗುರಲು ಶುರುವಾಗಿರುತ್ತದೆ. ಸಂಜೆ ಆರೂವರೆಯವರೆಗೂ ಬೆಳಕಿರುತ್ತದೆ, ಚಳಿ ಹೋಗಿರುತ್ತದೆ, ಮಳೆ ಇನ್ನೂ ಬಂದಿರುವುದಿಲ್ಲ. ಬಯಲಲ್ಲಿ ಕೂತು ಹಾಡು ಕೇಳಲು, ಆಟ ನೋಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೂ ಎಷ್ಟೋ ಕಡೆ ಸಾಂಸ್ಕೃತಿಕ ಕಾರ್ಯಕ್ರಮ ಅಂದರೆ ಹತ್ತು ಜನ ವೇದಿಕೆ ಮೇಲೆ ಕೂತು ಎರಡು ಗಂಟೆ ಮಾತಾಡುತ್ತಾರೆ, ಕೊನೆಗೆ ಉಳಿದ ಅರ್ಧ ಗಂಟೆಯಲ್ಲಿ ಕಲಾವಿದರು ಅವಸರ ಅವಸರವಾಗಿ ಬಂದು ಹೋಗುತ್ತಾರೆ.

ಕ್ಯಾಂಪಸ್‌ನ ಕಲಾ ಹಬ್ಬದಲ್ಲಿ ಕಲಾವಿದರ ಹೊತ್ತು ಕಲಾವಿದರಿಗೇ ಸಿಗಬೇಕು. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿಗಾಗಿಯೇ ಇವೆ. ಸಾಂಸ್ಕೃತಿಕ ಸಮಿತಿಗೆ ಹೊಸದಾಗಿ ಸೇರಿದ ಮೇಷ್ಟ್ರು, ವಿಭಾಗದ ವಿದ್ಯಾರ್ಥಿ ಕಾರ್ಯದರ್ಶಿ, ಸಂಶೋಧನಾ ವಿದ್ಯಾರ್ಥಿಗಳ ಗುಂಪು, ಯಾರೇ ಆಗಲಿ ಎರಡು ದಿನದ ಹಬ್ಬ ಮಾಡಲು ಹೊರಟಿದ್ದರೆ ಇದನ್ನು ಕೈಯಲ್ಲಿಟ್ಟುಕೊಳ್ಳಬಹುದು.

ಮೊದಲು ತಾರೀಖು

ಮೊದಲ ಸಭೆಯಲ್ಲಿ ಅತಿಥಿ ಯಾರು ಅಂತ ಚರ್ಚೆ ಶುರುವಾಗುತ್ತದೆ. ಅದನ್ನು ಅಲ್ಲೇ ನಿಲ್ಲಿಸಿ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಡಿ. ನಮ್ಮಲ್ಲಿ ವಸಂತ ತುಂಬಾ ಇಕ್ಕಟ್ಟಿನ ಕಾಲ. ಶಿವರಾತ್ರಿ, ಹೋಳಿ, ಯುಗಾದಿ, ರಾಮನವಮಿ ಒಂದರ ಹಿಂದೆ ಒಂದು ಬರುತ್ತವೆ. ಯುಗಾದಿಯ ತಾರೀಖು ವರ್ಷದಿಂದ ವರ್ಷಕ್ಕೆ ಓಡಾಡುತ್ತದೆ. 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು, 2026ರಲ್ಲಿ ಮಾರ್ಚ್ 19ಕ್ಕೆ, 2027ರಲ್ಲಿ ಏಪ್ರಿಲ್ 7ಕ್ಕೆ. ಹಬ್ಬದ ಹಿಂದೆ ಮುಂದೆ ಎರಡು ದಿನ ಹಾಸ್ಟೆಲ್ ಖಾಲಿ. ಪ್ರೇಕ್ಷಕರಲ್ಲಿ ಹೆಚ್ಚಿನವರು ಹಾಸ್ಟೆಲ್ ಮಕ್ಕಳೇ ಅಲ್ವಾ? ಅವರಿಲ್ಲದ ದಿನ ಕಾರ್ಯಕ್ರಮ ಇಟ್ಟರೆ ಖಾಲಿ ಕುರ್ಚಿಗಳಿಗೆ ಹಾಡಿಸಿದ ಹಾಗೆ. ಧಾರವಾಡ, ಬಾಗಲಕೋಟೆ ಕಡೆಯವರಿಗೆ ಹೋಳಿ ಅಂದರೆ ಒಂದು ದಿನದ ಮಾತಲ್ಲ, ರಂಗಪಂಚಮಿವರೆಗೂ ಅದರ ಗುಂಗು ಇರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಲೆಕ್ಕ ಕಲಾವಿದರದ್ದು. ಸಂಗೀತಗಾರರಿಗೆ ರಾಮನವಮಿ ಅಂದರೆ ಸುಗ್ಗಿ. ಬೆಂಗಳೂರು, ಮೈಸೂರುಗಳಲ್ಲಿ ವಾರಗಟ್ಟಲೆ ಕಛೇರಿಗಳು ನಡೆಯುತ್ತವೆ. ಹಾಡುವವರು ಸಿಕ್ಕರೂ ಪಕ್ಕವಾದ್ಯದವರು ಸಿಗುವುದು ಕಷ್ಟ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾದರೆ ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನಕ್ಕೇ ಮುಗಿಯುವುದು. ಅಂದರೆ ನಿಮಗೆ ಬೇಕಾದ ಮಾರ್ಚ್ ತಿಂಗಳಲ್ಲಿ ಮೇಳದ ಕಲಾವಿದರಿಗೆ ಹೆಚ್ಚುಕಡಿಮೆ ದಿನಾ ರಾತ್ರಿ ಆಟ ಇರುತ್ತದೆ. ಮೇಳದವರೇ ಬೇಕೆಂದರೆ ನವೆಂಬರ್‌ನಲ್ಲೇ ಮಾತಾಡಿ. ಹೊತ್ತು ಮೀರಿದ್ದರೆ ಹವ್ಯಾಸಿ ತಂಡವನ್ನು ಹುಡುಕಿ. ಎಷ್ಟೋ ಹವ್ಯಾಸಿ ತಂಡಗಳು ಬಹಳ ಚೆನ್ನಾಗಿ ಆಡುತ್ತವೆ.

ಮಾರ್ಚ್ 27 ವಿಶ್ವ ರಂಗಭೂಮಿ ದಿನ. 1962ರಿಂದ ಆಚರಣೆಯಲ್ಲಿದೆ. ಅದನ್ನೇ ನೆಪ ಮಾಡಿಕೊಂಡು ನಾಟಕ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮಾರ್ಚ್ ಕೊನೆಯ ವಾರ ಹಣಕಾಸು ವಿಭಾಗದ ಕಡೆ ಯಾರೂ ತಲೆ ಹಾಕಲಾಗದ ವಾರ. 31ಕ್ಕೆ ಲೆಕ್ಕ ಮುಗಿಯಬೇಕು. 27ಕ್ಕೆ ಕಾರ್ಯಕ್ರಮ ಮಾಡಿ 30ಕ್ಕೆ ಬಿಲ್ ಕೊಟ್ಟರೆ ಕಲಾವಿದರ ದುಡ್ಡು ಮುಂದಿನ ಆರ್ಥಿಕ ವರ್ಷಕ್ಕೆ ಜಾರುವ ಅಪಾಯ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಫೆಬ್ರವರಿ ಕೊನೆಯ ವಾರ ಅಥವಾ ಮಾರ್ಚ್ ಮೊದಲೆರಡು ವಾರ. ಬಿಸಿಲು ಇನ್ನೂ ಏರಿರುವುದಿಲ್ಲ, ಬಿಲ್ಲಿಗೂ ಹೊತ್ತಿರುತ್ತದೆ. ಏಪ್ರಿಲ್‌ಗೆ ಹೋದರೆ ಹಳೇ ಮೈಸೂರು, ಮಲೆನಾಡು ಕಡೆ ಸಂಜೆ ಹೊತ್ತಿಗೇ ಗುಡುಗು ಮಳೆ ಹಿಡಿಯುತ್ತದೆ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್‌ನಲ್ಲಿ ಬಯಲಲ್ಲಿ ಕೂರುವುದು ರಾತ್ರಿ ಏಳರ ಮೇಲೇ ಸಾಧ್ಯ. ಚುನಾವಣೆಯ ವರ್ಷವಾದರೆ ನೀತಿಸಂಹಿತೆಯೂ ಇದೇ ತಿಂಗಳುಗಳಲ್ಲಿ ಬರುತ್ತದೆ. ಆಗ ವೇದಿಕೆ ಮೇಲೆ ಜನಪ್ರತಿನಿಧಿಗಳನ್ನು ಕೂರಿಸುವ ಹಾಗಿಲ್ಲ, ಅನುಮತಿಯ ದಾರಿಯೂ ಉದ್ದವಾಗುತ್ತದೆ.

ಜಾಗ ನೋಡಲು ಸಂಜೆ ಹೋಗಿ

ಜಾಗವನ್ನು ಬೆಳಗ್ಗೆ ಹನ್ನೊಂದಕ್ಕೆ ನೋಡಿ ಬಂದರೆ ಏನೂ ಗೊತ್ತಾಗುವುದಿಲ್ಲ. ಕಾರ್ಯಕ್ರಮ ನಡೆಯುವ ಹೊತ್ತಿಗೇ ಹೋಗಿ ನಿಲ್ಲಿ. ಸೂರ್ಯ ಯಾವ ಕಡೆ ಮುಳುಗುತ್ತಾನೆ, ಪ್ರೇಕ್ಷಕರ ಕಣ್ಣಿಗೆ ಬಿಸಿಲು ಹೊಡೆಯುತ್ತದೋ ಇಲ್ಲವೋ, ಹಕ್ಕಿಗಳು ಗೂಡಿಗೆ ಮರಳುವ ಗದ್ದಲ ಎಷ್ಟು, ಪಕ್ಕದ ರಸ್ತೆಯಲ್ಲಿ ಬಸ್ಸಿನ ಸದ್ದು ಎಷ್ಟು, ಸೊಳ್ಳೆ ಎಷ್ಟು, ಎಲ್ಲ ಆಗಲೇ ಗೊತ್ತಾಗುವುದು. ಕೆರೆ ಪಕ್ಕದ ಹುಲ್ಲುಹಾಸು ಫೋಟೋದಲ್ಲಿ ಚೆಂದ ಕಾಣುತ್ತದೆ. ಏಳು ಗಂಟೆಗೆ ಅಲ್ಲಿ ಸೊಳ್ಳೆ ಕಾಟಕ್ಕೆ ಯಾರೂ ಕೂರುವುದಿಲ್ಲ.

ಬಯಲು ರಂಗಮಂದಿರ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅದರ ಮಾನಸಗಂಗೋತ್ರಿ ಕ್ಯಾಂಪಸ್ 1960ರದ್ದು, ಹೆಸರಿಟ್ಟವರು ಕುವೆಂಪು. ಅಲ್ಲಿನ ಬಯಲು ರಂಗಮಂದಿರ ದಸರಾ ಮುಂಚಿನ ಯುವ ಸಂಭ್ರಮದ ದಿನಗಳಲ್ಲಿ ಹೇಗೆ ತುಂಬುತ್ತದೆ ಅಂತ ನೋಡಿದವರಿಗೆ ಗೊತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವವನ್ನೇ ನುಡಿಹಬ್ಬ ಅಂತ ಕರೆದು ನವರಂಗ ಬಯಲು ರಂಗಮಂದಿರದಲ್ಲಿ ಮಾಡುತ್ತದೆ. ಇಂಥ ಜಾಗಗಳಲ್ಲಿ ಪ್ರೇಕ್ಷಕರು ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ತಾಗಿ ಕೂರುತ್ತಾರೆ. ಮುಂದಿನ ಸಾಲಿಗೆ ಸೋಫಾ ತರಿಸುವ ಗೋಜು ಇರುವುದಿಲ್ಲ.

ಆದರೆ ಎಲ್ಲವನ್ನೂ ಒಂದೇ ದೊಡ್ಡ ವೇದಿಕೆಗೆ ತುರುಕಬೇಡಿ. ತೊಗಲು ಗೊಂಬೆಯಾಟಕ್ಕೆ ಕತ್ತಲು ಬೇಕು, ಪರದೆಗೆ ಹತ್ತಿರ ಕೂರುವ ಚಿಕ್ಕ ಗುಂಪು ಬೇಕು. ಸಾವಿರ ಜನರ ರಂಗಮಂದಿರದ ಕೊನೆಯ ಮೆಟ್ಟಿಲಲ್ಲಿ ಕೂತವರಿಗೆ ಅದರ ಬಣ್ಣವೇ ಕಾಣುವುದಿಲ್ಲ. ವಿಭಾಗದ ಒಳಾಂಗಣ, ಗ್ರಂಥಾಲಯದ ಮುಂದಿನ ಮರದ ಕಟ್ಟೆ, ಹಳೆಯ ಕಟ್ಟಡದ ಪಡಸಾಲೆ, ಇವೆಲ್ಲ ಒಳ್ಳೆಯ ರಂಗಸ್ಥಳಗಳೇ. ಕ್ಯಾಂಪಸ್‌ನಲ್ಲಿ ವಸ್ತುಸಂಗ್ರಹಾಲಯ ಇದ್ದರೆ ಆ ಎರಡು ದಿನ ಅದರ ಬಾಗಿಲು ಸಂಜೆವರೆಗೂ ತೆರೆದಿರಲಿ ಅಂತ ಮೊದಲೇ ಕೇಳಿಕೊಳ್ಳಿ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ 1905ರಲ್ಲಿ ಕಟ್ಟಿದ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿದೆ. ನಾಲ್ಕು ವರ್ಷ ಅದೇ ಕ್ಯಾಂಪಸ್‌ನಲ್ಲಿ ಓದಿಯೂ ಒಳಗೆ ಕಾಲಿಡದವರು ಎಷ್ಟೋ ಮಂದಿ.

ಏನೇನು ಇರಬೇಕು

ಎರಡು ದಿನಕ್ಕೆ ಐದು ಅಥವಾ ಆರು ಒಳ್ಳೆಯ ಕಾರ್ಯಕ್ರಮ ಸಾಕು. ಹದಿನೈದು ತಂಡ ಕರೆಸಿ ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಟ್ಟರೆ ಯಾರ ಕಲೆಯೂ ಮನಸ್ಸಿಗೆ ಇಳಿಯುವುದಿಲ್ಲ.

ಜನಪದ ಕಲೆಗಳ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಡೊಳ್ಳು, ಕಂಸಾಳೆ, ವೀರಗಾಸೆ, ಪೂಜಾ ಕುಣಿತದ ತಂಡಗಳನ್ನು ಅತಿಥಿಗಳ ಮೆರವಣಿಗೆಗೆ ಮಾತ್ರ ಕರೆಸುವ ಅಭ್ಯಾಸ ಬಿಡಬೇಕು. ಗೇಟಿನಿಂದ ವೇದಿಕೆವರೆಗೆ ಹತ್ತು ನಿಮಿಷ ಕುಣಿಸಿ, ಒಂದು ಫೋಟೋ ತೆಗೆದು, ಆಮೇಲೆ ಅವರು ಊಟ ಮಾಡಿದರೋ ಇಲ್ಲವೋ ಅಂತಲೂ ಕೇಳದೆ ಕಳಿಸುವುದು ಆ ಕಲೆಗೂ ಅವಮಾನ, ಕಲಿಯುವ ಮಕ್ಕಳಿಗೂ ನಷ್ಟ. ಅವರಿಗೆ ಸಂಜೆಯ ಮುಖ್ಯ ಹೊತ್ತು ಕೊಡಿ. ಕನಿಷ್ಠ ನಲವತ್ತು ನಿಮಿಷ. ಡೊಳ್ಳಿನವರನ್ನು ಮರದ ಹಲಗೆ ವೇದಿಕೆಗೆ ಹತ್ತಿಸಬೇಡಿ, ನೆಲದ ಮೇಲೆ ಅಗಲ ಜಾಗ ಬಿಡಿ, ಜನ ಸುತ್ತ ಕೂರಲಿ. ಮಂಟೇಸ್ವಾಮಿ, ಮಲೆ ಮಹದೇಶ್ವರರ ಕಥೆ ಹಾಡುವವರನ್ನು ಕರೆದರೆ ಅದು ಇಡೀ ರಾತ್ರಿಯ ಕಾವ್ಯ ಅನ್ನುವುದು ನೆನಪಿರಲಿ. ಯಾವ ಭಾಗ ಹಾಡುತ್ತೀರಿ ಅಂತ ಅವರನ್ನೇ ಕೇಳಿ. ಹಿಂದಿನ ಮುಂದಿನ ಕಥೆಯನ್ನು ಐದು ನಿಮಿಷದಲ್ಲಿ ಹೇಳಬಲ್ಲ ಒಬ್ಬ ವಿದ್ಯಾರ್ಥಿಯನ್ನು ತಯಾರು ಮಾಡಿ.

ತಮಟೆಯವರು ಬರುತ್ತಾರೆ ಅಂದರೆ ಬೆಂಕಿಗೆ ಜಾಗ ಮಾಡಿ. ಬಡಿಯುವ ಮುಂಚೆ ಚರ್ಮ ಕಾಯಿಸಲೇಬೇಕು. ಒಣಗಿದ ಎಲೆ, ಕಾಗದ, ಸ್ವಲ್ಪ ಹುಲ್ಲು ಒಟ್ಟು ಹಾಕಿ ಹಚ್ಚುತ್ತಾರೆ. ತಮಟೆಯನ್ನು ಉರಿಯ ಮೇಲೆ ತಿರುಗಿಸಿ ತಿರುಗಿಸಿ ಹಿಡಿಯುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಸಡಿಲವಾಗಿ ಮಂಕಾಗಿದ್ದ ಸದ್ದು ಸ್ವಲ್ಪ ಸ್ವಲ್ಪವೇ ಬಿಗಿಯಾಗಿ, ಕೊನೆಗೆ ಠಣ್ಣೆಂದು ಒಡೆದು ಬರುತ್ತದೆ. ಮಧ್ಯದಲ್ಲಿ ಕಾವು ಇಳಿದರೆ ಇನ್ನೊಮ್ಮೆ ಕಾಯಿಸಬೇಕು. ಕ್ಯಾಂಪಸ್‌ನಲ್ಲಿ ಯಾರೋ ಬೆಂಕಿ ಹಾಕಿದರು ಅಂತ ಭದ್ರತೆಯವರು ಓಡಿಬಂದು ಆರಿಸಿದರೆ ತಂಡದವರು ಏನು ಮಾಡಬೇಕು? ಆದ್ದರಿಂದ ವೇದಿಕೆಯ ಹಿಂದೆ, ಒಣಹುಲ್ಲಿನಿಂದ ದೂರ, ಎರಡು ಬಕೆಟ್ ನೀರು ಮತ್ತು ಮರಳು ಇಟ್ಟ ಒಂದು ಜಾಗ ಗುರುತು ಮಾಡಿ. ಅದನ್ನು ಭದ್ರತಾ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ.

ಯಕ್ಷಗಾನಕ್ಕೆ ಕಾಲಮಿತಿ ಪ್ರಸಂಗ ಕೇಳಿ. ಎರಡೂವರೆ ಅಥವಾ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಅವರಿಗೆ ಮೊದಲು ಬೇಕಾದದ್ದು ಚೌಕಿ, ಅಂದರೆ ಬಣ್ಣದ ಕೋಣೆ. ಬಣ್ಣ ಹಚ್ಚಿ ವೇಷ ಕಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ಫ್ಯಾನು, ಬೆಳಕು, ನೀರು, ನೆಲಕ್ಕೆ ಹಾಸಲು ಚಾಪೆ, ಪಕ್ಕದಲ್ಲೇ ಶೌಚಾಲಯ ಇರುವ ದೊಡ್ಡ ಕೋಣೆ ಮಧ್ಯಾಹ್ನ ಮೂರಕ್ಕೇ ಅವರ ಕೈಗೆ ಸಿಗಬೇಕು. ಚೌಕಿಯಲ್ಲಿ ಗಣಪತಿ ಪೂಜೆ ಆಗುತ್ತದೆ, ಅದಕ್ಕೆ ಬೇಕಾದ್ದನ್ನು ಕೇಳಿ ತಂದಿಡಿ. ವಿದ್ಯಾರ್ಥಿಗಳು ಚೌಕಿಗೆ ಬಂದು ಬಣ್ಣ ಹಚ್ಚುವುದನ್ನು ನೋಡಬಹುದೇ ಅಂತ ತಂಡದ ಹಿರಿಯರನ್ನು ಕೇಳಿ. ಒಪ್ಪಿದರೆ ಹತ್ತು ಹತ್ತು ಜನರ ಗುಂಪಾಗಿ ಬಿಡಿ. ಕೆಲವು ಮಕ್ಕಳಿಗೆ ಆಟಕ್ಕಿಂತ ಇದೇ ಜಾಸ್ತಿ ನೆನಪಿರುತ್ತದೆ.

ಶಾಸ್ತ್ರೀಯ ಸಂಗೀತಕ್ಕೆ ಸುಲಭದ ದಾರಿ ಸ್ಪಿಕ್‌ಮೆಕೆ. ಐಐಟಿ ದೆಹಲಿಯ ಪ್ರಾಧ್ಯಾಪಕರಾಗಿದ್ದ ಕಿರಣ್ ಸೇಠ್ 1977ರಲ್ಲಿ ಶುರುಮಾಡಿದ ಈ ಸಂಸ್ಥೆ ದೊಡ್ಡ ಕಲಾವಿದರನ್ನೂ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕರೆತರುತ್ತದೆ. ಅವರ ಪ್ರಾತ್ಯಕ್ಷಿಕೆಗಳಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುತ್ತಾರೆ, ಭಾಷಣ ಇರುವುದಿಲ್ಲ. ಸ್ವಂತವಾಗಿ ಕಛೇರಿ ಏರ್ಪಡಿಸಿದರೂ ಇದೇ ಕ್ರಮ ಇಟ್ಟುಕೊಳ್ಳಿ. ಮೃದಂಗದವರ ಎಡದ ಮುಖಕ್ಕೆ ಮೆತ್ತಲು ಸ್ವಲ್ಪ ರವೆ, ನೀರು ಬೇಕಾಗಬಹುದು. ಇದು ಐದು ರೂಪಾಯಿಯ ಸಾಮಾನು. ಆದರೆ ಸಂಜೆ ಆರಕ್ಕೆ ಕ್ಯಾಂಪಸ್‌ನಲ್ಲಿ ರವೆ ಹುಡುಕುವುದು ಸಣ್ಣ ಕೆಲಸ ಅಲ್ಲ. ವೀಣೆ, ತಂಬೂರಿಗಳ ಮೇಲೆ ನೇರವಾಗಿ ಬಿಸಿ ಲೈಟು ಬಿದ್ದರೆ ಶ್ರುತಿ ಇಳಿಯುತ್ತದೆ, ಲೈಟನ್ನು ಪಕ್ಕಕ್ಕೆ ತಿರುಗಿಸಿ.

ನಾಟಕವನ್ನು ವಿದ್ಯಾರ್ಥಿಗಳೇ ಆಡಲಿ. ಅದಕ್ಕೆ ಎರಡು ತಿಂಗಳ ತಾಲೀಮು ಬೇಕು, ಅಂದರೆ ಸಂಕ್ರಾಂತಿ ಹೊತ್ತಿಗೆ ನಾಟಕ ಆರಿಸಿರಬೇಕು. ಇಲ್ಲಿ ಹಕ್ಕಿನ ಪ್ರಶ್ನೆ ಬರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಆದ್ದರಿಂದ 2007ರಿಂದ ಅವರ ನಾಟಕಗಳನ್ನು ಯಾರು ಬೇಕಾದರೂ ಆಡಬಹುದು. ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಅವರ ನಾಟಕಕ್ಕೆ ಒಪ್ಪಿಗೆ ಬೇಕು. ಅನುವಾದದ ನಾಟಕವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಯೇ ಸಂಸ್ಥೆಯ ಚಟುವಟಿಕೆಯಾಗಿ ಆಡಿ, ನೋಡುವವರೂ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮಾತ್ರ ಆಗಿದ್ದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಊರಿನ ಜನರನ್ನೆಲ್ಲ ಕರೆದ ಕೂಡಲೇ ಆ ವಿನಾಯಿತಿ ಹೋಗುತ್ತದೆ. ನಾಟಕಕಾರರಿಗೆ ಅಥವಾ ಅವರ ಮನೆಯವರಿಗೆ ಒಂದು ಪತ್ರ ಬರೆಯಿರಿ, ಕೈಲಾದಷ್ಟು ಗೌರವಧನ ಕಳಿಸಿ, ಆಟಕ್ಕೂ ಕರೆಯಿರಿ. ವಿದ್ಯಾರ್ಥಿಗಳ ತಂಡ ಅಂದರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

ವಿಶ್ವವಿದ್ಯಾಲಯಗಳ ಒಕ್ಕೂಟದ ಯುವಜನೋತ್ಸವಕ್ಕೆ ಹೋಗಿ ಬಂದ ಮಕ್ಕಳು ಎಲ್ಲ ಕಡೆ ಇರುತ್ತಾರೆ. ಅಲ್ಲಿ ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಅಂತ ಐದು ವಿಭಾಗದಲ್ಲಿ ಸ್ಪರ್ಧೆ ನಡೆಯುತ್ತದೆ. ಬಹುಮಾನಕ್ಕೆ ತಯಾರಾದ ಮೂಕಾಭಿನಯ, ಪ್ರಹಸನಗಳು ಸ್ಪರ್ಧೆ ಮುಗಿದ ಮೇಲೆ ಸುಮ್ನೆ ಮರೆತು ಹೋಗುತ್ತವೆ. ಅವರನ್ನು ಕರೆದು ಇಲ್ಲಿ ಆಡಿಸಿ. ತಯಾರಾಗಿರುವ ಕೆಲಸ, ಖರ್ಚೂ ಇಲ್ಲ. ಆದರೆ ನಿಮ್ಮ ಹಬ್ಬದಲ್ಲಿ ಮಾತ್ರ ಸ್ಪರ್ಧೆ ಬೇಡ. ಅಂಕ ಕೊಡಲು ಶುರುಮಾಡಿದರೆ ಮಕ್ಕಳು ಪಕ್ಕದವರ ಆಟ ನೋಡುವುದನ್ನೇ ಬಿಡುತ್ತಾರೆ.

ಚಿತ್ರ ಪ್ರದರ್ಶನ ಹಗಲಿನ ಕಾರ್ಯಕ್ರಮ. ಬೆಂಗಳೂರಿನ ಚಿತ್ರಸಂತೆಯ ಹಾಗೆ ರಸ್ತೆ ಬದಿ, ಮರದ ನೆರಳಲ್ಲಿ ಇಟ್ಟರೆ ಓಡಾಡುವವರೆಲ್ಲ ನಿಂತು ನೋಡುತ್ತಾರೆ. ಪಡಸಾಲೆಯಲ್ಲಿ ಇಡುವುದಾದರೆ ಚಿತ್ರದ ಮಧ್ಯ ಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರಲಿ. ಜಲವರ್ಣದ ಮೇಲೆ ಪಶ್ಚಿಮದ ಬಿಸಿಲು ಬೀಳದಿರಲಿ. ಚಿತ್ರ ಬರೆದವರ ಹೆಸರು, ವಿಭಾಗ, ಮಾಧ್ಯಮ, ಮಾರಾಟಕ್ಕಿದ್ದರೆ ಬೆಲೆ, ಎಲ್ಲ ಒಂದು ಚೀಟಿಯಲ್ಲಿ ಇರಲಿ. ಪಕ್ಕದಲ್ಲೇ ಪ್ರಸಾರಾಂಗದ, ಅಂದರೆ ವಿಶ್ವವಿದ್ಯಾಲಯದ ಪ್ರಕಟಣೆ ವಿಭಾಗದ, ಪುಸ್ತಕ ಮಳಿಗೆ ತೆರೆಸಿ. ನಮ್ಮ ವಿಶ್ವವಿದ್ಯಾಲಯಗಳು ತಂದ ಒಳ್ಳೊಳ್ಳೆಯ ಪುಸ್ತಕಗಳು ಕಡಿಮೆ ಬೆಲೆಗೆ ಗೋದಾಮಿನಲ್ಲೇ ಕೂತಿರುತ್ತವೆ.

ಪತ್ರ ಮತ್ತು ಅನುಮತಿ

ಕಡತ ಮೊದಲು ವಿಭಾಗದ ಮುಖ್ಯಸ್ಥರಿಂದ ಹೊರಟು ಕುಲಸಚಿವರ ಮೇಜಿಗೆ ಹೋಗಬೇಕು. ಒಂದೇ ಟಿಪ್ಪಣಿಯಲ್ಲಿ ತಾರೀಖು, ಜಾಗ, ಅಂದಾಜು ಖರ್ಚು, ಹಣ ಯಾವ ಲೆಕ್ಕಶೀರ್ಷಿಕೆಯಿಂದ, ಮುಂಗಡ ಯಾರ ಹೆಸರಿಗೆ ಅನ್ನುವುದೆಲ್ಲ ಇರಲಿ. ಅರ್ಧ ಮಾಹಿತಿ ಕೊಟ್ಟರೆ ಕಡತ ಪ್ರತಿ ಮೇಜಿನಲ್ಲೂ ಪ್ರಶ್ನೆ ಹೊತ್ತು ವಾಪಸ್ ಬರುತ್ತದೆ. ಅನುಮೋದನೆ ಬಂದ ಮೇಲೆ ಅದರ ಪ್ರತಿಯನ್ನು ಎಂಜಿನಿಯರಿಂಗ್ ವಿಭಾಗ, ಭದ್ರತೆ, ಹಾಸ್ಟೆಲ್ ವಾರ್ಡನ್, ಆರೋಗ್ಯ ಕೇಂದ್ರ ಇಷ್ಟೂ ಕಡೆಗೆ ಕೈಯಾರೆ ಕೊಟ್ಟು ಸಹಿ ಮಾಡಿಸಿಕೊಳ್ಳಿ. ಇಮೇಲ್ ಕಳಿಸಿದರೆ ಸಾಲದು.

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವ ಹಾಗಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದು ನಿಮಗೆ ಸಿಗುತ್ತದೆ ಅಂತ ನಂಬಿ ಯೋಜನೆ ಹಾಕಬೇಡಿ. 9:40ಕ್ಕೆ ಮುಗಿಯುವ ಹಾಗೆ ಲೆಕ್ಕ ಹಾಕಿ. ಮಹಿಳಾ ಹಾಸ್ಟೆಲ್‌ಗಳ ಗೇಟು ಮುಚ್ಚುವ ಹೊತ್ತನ್ನು ಆ ಎರಡು ದಿನ ಮುಂದೂಡಲು ವಾರ್ಡನ್ ಅವರಿಂದ ಮೊದಲೇ ಆದೇಶ ಮಾಡಿಸಿ. ಇದನ್ನು ಮರೆತರೆ ಎಂಟೂವರೆಗೆ ಅರ್ಧ ಪ್ರೇಕ್ಷಕರು ಎದ್ದು ಹೋಗುತ್ತಾರೆ. ನಾಟಕದ ಮುಖ್ಯ ಘಟ್ಟ ಹುಡುಗರಿಗೆ ಮಾತ್ರ ಅಂತ ಆಗಬಾರದು.

ಹೊರಗಿನವರನ್ನು ಎಷ್ಟು ಕರೆಯಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಶಾಂತಿನಿಕೇತನದ ವಿಶ್ವಭಾರತಿಯ ವಸಂತೋತ್ಸವ ದೇಶದ ಕ್ಯಾಂಪಸ್ ಹಬ್ಬಗಳಲ್ಲೇ ಹೆಸರಾದದ್ದು. ಹಳದಿ ಉಡುಪು, ಹಾಡು, ಕುಣಿತದ ಆ ಬೆಳಗನ್ನು ನೋಡಲು ಬರುವವರ ನೂಕುನುಗ್ಗಲು ಮಿತಿಮೀರಿ, ಇತ್ತೀಚಿನ ವರ್ಷಗಳಲ್ಲಿ ಹೊರಗಿನವರಿಗೆ ಬಾಗಿಲು ಮುಚ್ಚಿ ಒಳಗಿನವರಷ್ಟೇ ಆಚರಿಸಬೇಕಾಯಿತು. ನಮ್ಮಲ್ಲಿ ಅಷ್ಟು ಜನ ಬರುವುದಿಲ್ಲ ನಿಜ. ಆದರೂ ಎಷ್ಟು ಜನ ಕೂರಬಹುದು, ವಾಹನ ಎಲ್ಲಿ ನಿಲ್ಲಬೇಕು, ಹೊರಗೆ ಹೋಗುವ ದಾರಿ ಎರಡಾದರೂ ಇದೆಯೇ ಅಂತ ನೋಡಿಕೊಳ್ಳಿ. ಸುತ್ತಲಿನ ಹಳ್ಳಿಗಳ ಜನರನ್ನು ಮಾತ್ರ ಮರೆಯದೆ ಕರೆಯಿರಿ. ಎಷ್ಟೋ ಕ್ಯಾಂಪಸ್‌ಗಳು ನಿಂತಿರುವುದು ಅವರ ಹೊಲಗಳ ಮೇಲೆಯೇ.

ದುಡ್ಡು

ಒಟ್ಟು ಖರ್ಚಿನಲ್ಲಿ ಅರ್ಧದಷ್ಟಾದರೂ ಕಲಾವಿದರಿಗೆ ಹೋಗಬೇಕು. ಇದು ನಿಯಮಪುಸ್ತಕದಲ್ಲಿ ಇಲ್ಲ, ನನ್ನ ಅಭಿಪ್ರಾಯ. ಪೆಂಡಾಲು, ಹೂವಿನ ಅಲಂಕಾರ, ಫ್ಲೆಕ್ಸು, ನೆನಪಿನ ಕಾಣಿಕೆಗಳ ಮೊತ್ತ ಕಲಾವಿದರ ಸಂಭಾವನೆಗಿಂತ ಜಾಸ್ತಿ ಬಂದರೆ ಪಟ್ಟಿಯನ್ನು ಮತ್ತೆ ಬರೆಯಿರಿ. ಕಲ್ಲಿನ ಮೆಟ್ಟಿಲ ರಂಗಮಂದಿರಕ್ಕೆ ಹೂವಿನ ಕಮಾನು ಯಾಕೆ? ಲಲಿತಕಲೆಯ ಮಕ್ಕಳು ಮಣ್ಣಿನ ಬಣ್ಣ, ಬಿದಿರು, ಹಳೆಯ ಸೀರೆಗಳಲ್ಲಿ ಅದಕ್ಕಿಂತ ಚೆನ್ನಾಗಿ ಮಾಡುತ್ತಾರೆ.

ನೆರವು ಎಲ್ಲಿ ಕೇಳಬಹುದು? ಮೊದಲು ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ. ಅಲ್ಲಿ ಜಿಲ್ಲೆಯ ತಂಡಗಳ ಪಟ್ಟಿ ಇರುತ್ತದೆ, ಕೆಲವೊಮ್ಮೆ ಇಲಾಖೆಯೇ ತಂಡವನ್ನು ಪ್ರಾಯೋಜಿಸುತ್ತದೆ. ಆಮೇಲೆ ಅಕಾಡೆಮಿಗಳು: ಜಾನಪದ, ಯಕ್ಷಗಾನ, ಬಯಲಾಟ, ನಾಟಕ, ಸಂಗೀತ ನೃತ್ಯ, ಲಲಿತಕಲೆ, ಒಂದೊಂದಕ್ಕೂ ಬೇರೆ ಬೇರೆ ಇವೆ. ಬೇರೆ ರಾಜ್ಯದ ಕಲೆ ತರಿಸುವ ಆಸೆ ಇದ್ದರೆ ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ, ನಾಗಪುರದ ದಕ್ಷಿಣ ಮಧ್ಯ ವಲಯ ಕೇಂದ್ರ ಎರಡಕ್ಕೂ ಬರೆಯಬಹುದು. ಕರ್ನಾಟಕ ಎರಡರಲ್ಲೂ ಸದಸ್ಯ ರಾಜ್ಯ. ಈ ಪತ್ರಗಳೆಲ್ಲ ಮೂರು ತಿಂಗಳು ಮೊದಲೇ ಹೋಗಬೇಕು.

ತಂಡದ ಜೊತೆ ಮಾತಾಡುವಾಗ ಸಂಭಾವನೆ ಎಷ್ಟು, ಪ್ರಯಾಣ ಅದರಲ್ಲೇ ಸೇರಿದೆಯೋ ಬೇರೆಯೋ, ಎಷ್ಟು ಜನ ಬರುತ್ತಾರೆ, ಊಟ ವಸತಿ ಯಾರದ್ದು ಅಂತ ಬಿಡಿಸಿ ಕೇಳಿ. ಆಮೇಲೆ ಅದನ್ನೇ ಪತ್ರದಲ್ಲಿ ಬರೆದು ಕಳಿಸಿ. ತಂಡದ ನಾಯಕರ ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಮೊದಲೇ ತರಿಸಿಕೊಳ್ಳಿ. ವಯಸ್ಸಾದ ಕಲಾವಿದರಿಗೆ ಇದೆಲ್ಲ ಹೊಂದಿಸುವುದು ಕಷ್ಟ, ಒಬ್ಬ ವಿದ್ಯಾರ್ಥಿ ಫೋನಿನಲ್ಲಿ ಮಾತಾಡಿ ಸಹಾಯ ಮಾಡಲಿ. ಬ್ಯಾಂಕ್ ಖಾತೆಗೆ ದುಡ್ಡು ಬರಲು ತಿಂಗಳು ಹಿಡಿಯುವ ಕಡೆ, ಬಸ್ ಚಾರ್ಜು ಮತ್ತು ದಾರಿ ಖರ್ಚನ್ನಾದರೂ ಮುಂಗಡದ ಹಣದಿಂದ ಅಂದೇ ಕೈಗೆ ಕೊಡಿ, ವೋಚರಿಗೆ ಸಹಿ ಹಾಕಿಸಿ. ಕೂಲಿ ಬಿಟ್ಟು ಬಂದಿರುವವರಿಗೆ ‘ಬಿಲ್ ಪ್ರೊಸೆಸ್‌ನಲ್ಲಿದೆ’ ಅನ್ನುವ ಉತ್ತರ ಊಟ ಹಾಕುವುದಿಲ್ಲ.

ಮೈಕು, ಬೆಳಕು

ಮೈಕ್ ಸೆಟ್ಟಿನವರನ್ನು ಆರಿಸುವಾಗ ಕಡಿಮೆ ಕೊಟೇಶನ್ ಒಂದನ್ನೇ ನೋಡಬೇಡಿ. ಅವರು ಸಂಗೀತ ಕಛೇರಿಗೆ ಮಾಡಿದ್ದಾರೋ, ಬರೀ ಸಭೆ ಸಮಾರಂಭಕ್ಕೆ ಮಾಡಿದ್ದಾರೋ ಕೇಳಿ. ಎರಡೂ ಬೇರೆ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಲು ಮಾನಿಟರ್ ಬಾಕ್ಸ್ ಬೇಕು. ಯಕ್ಷಗಾನದಲ್ಲಿ ಹಾಡುವ ಭಾಗವತರಿಗೆ, ಮದ್ದಳೆಗೆ ಬೇರೆ ಬೇರೆ ಮೈಕು ಇರಲಿ. ಚಂಡೆಗೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ, ಅದು ತಾನೇ ಊರಿಗೆಲ್ಲ ಕೇಳಿಸುತ್ತದೆ. ವೇಷದವರ ಮಾತು ಕೇಳಲು ರಂಗಸ್ಥಳದ ಮೇಲಿಂದ ಇಳಿಬಿಟ್ಟ ಮೈಕು ಬೇಕು. ಡೊಳ್ಳಿಗೆ ಯಾವ ಮೈಕೂ ಬೇಡ. ಸೌಂಡ್ ಚೆಕ್ ಮಧ್ಯಾಹ್ನ ನಾಲ್ಕಕ್ಕೇ ಮುಗಿಯಬೇಕು. ಜನ ಬಂದು ಕೂತ ಮೇಲೆ ‘ಹಲೋ ಚೆಕ್’ ಅನ್ನುವುದು ಬೇಡ.

ಜನರೇಟರ್ ಬಾಡಿಗೆಗೆ ತಂದರೆ ವೇದಿಕೆಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲಿಸಿ. ನಾಟಕದ ಮಕ್ಕಳಿಗೆ ಹಿಂದಿನ ರಾತ್ರಿ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಒಂದು ತಾಲೀಮು ಕೊಡಲೇಬೇಕು. ಇದಕ್ಕಾಗಿ ಲೈಟಿನವರಿಗೆ ಒಂದು ದಿನದ ಬಾಡಿಗೆ ಜಾಸ್ತಿ ಆದರೂ ಪರವಾಗಿಲ್ಲ.

ಆ ಸಂಜೆ

ಒಂದು ಸಂಜೆಯ ಲೆಕ್ಕ ಹೀಗಿರಲಿ. 5:15ಕ್ಕೆ ಹುಲ್ಲುಹಾಸಿನಲ್ಲಿ ಡೊಳ್ಳು. ಆ ಸದ್ದಿಗೇ ಹಾಸ್ಟೆಲ್‌ನಿಂದ ಜನ ಹೊರಬರುತ್ತಾರೆ, ಬೇರೆ ಪ್ರಚಾರ ಬೇಡ. 6:00ಕ್ಕೆ ಉದ್ಘಾಟನೆ, 6:20ಕ್ಕೆ ಮುಗಿಯಬೇಕು. 6:30ರಿಂದ 7:45 ಸಂಗೀತ. ಹದಿನೈದು ನಿಮಿಷ ಬಿಡುವು, ಮಜ್ಜಿಗೆ ಅಥವಾ ಪಾನಕ. 8:00ರಿಂದ 9:40 ನಾಟಕ. ಯಕ್ಷಗಾನದ ದಿನ ಸಂಗೀತ ಬೇಡ, ಉದ್ಘಾಟನೆ ಆದ ಕೂಡಲೇ ಆಟ ಶುರುವಾಗಲಿ.

ಇಪ್ಪತ್ತು ನಿಮಿಷದ ಉದ್ಘಾಟನೆ ಸಾಧ್ಯವೇ ಅಂತ ಕೇಳುತ್ತೀರಿ. ಖಂಡಿತ ಸಾಧ್ಯ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಉದ್ಘಾಟನಾ ಭಾಷಣ, ಇಬ್ಬರು ಮುಖ್ಯ ಅತಿಥಿಗಳು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಅನ್ನುವ ಪಟ್ಟಿಯಲ್ಲಿ ಮೂರನ್ನು ಮಾತ್ರ ಉಳಿಸಿಕೊಳ್ಳಿ. ಒಬ್ಬರು ಸ್ವಾಗತಿಸಲಿ, ಒಬ್ಬರು ಮಾತಾಡಲಿ, ಆ ಸಂಜೆಯ ಹಿರಿಯ ಕಲಾವಿದರೇ ದೀಪ ಹಚ್ಚಲಿ ಅಥವಾ ತಮಟೆ ಬಾರಿಸಿ ಶುರುಮಾಡಲಿ. ಕುಲಪತಿಗಳನ್ನು ಮೊದಲೇ ಭೇಟಿಯಾಗಿ, ‘ಸರ್, ಐದು ನಿಮಿಷ ಮಾತಾಡಿ ಆಮೇಲೆ ಮೊದಲ ಸಾಲಿನಲ್ಲಿ ಕೂತು ಪೂರ್ತಿ ನೋಡಬೇಕು’ ಅಂತ ವಿನಯವಾಗಿ ಕೇಳಿಕೊಳ್ಳಿ. ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಆಮಂತ್ರಣ ಪತ್ರಿಕೆಯಲ್ಲೂ ಕಲಾವಿದರ ಹೆಸರು, ಊರು ದೊಡ್ಡ ಅಕ್ಷರದಲ್ಲಿ ಮೇಲೆ ಇರಲಿ. ತಂಡದಲ್ಲಿ ಹನ್ನೆರಡು ಜನ ಇದ್ದರೆ ಹನ್ನೆರಡು ಹೆಸರೂ ಬರಲಿ. ‘ಮತ್ತು ತಂಡದವರು’ ಅಂತ ಮುಗಿಸಬೇಡಿ.

ಸನ್ಮಾನ ಮಾಡುವುದಿದ್ದರೆ ಕಾರ್ಯಕ್ರಮ ಮುಗಿದ ಮೇಲೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುವ ಹೊತ್ತಿಗೇ ಮಾಡಿ. ಹಾಡಿನ ಮಧ್ಯೆ ನಿಲ್ಲಿಸಿ ಶಾಲು ಹೊದಿಸಬೇಡಿ. ನಿರೂಪಕರಿಗೆ ಹಾಳೆಯಲ್ಲಿ ಬರೆದು ಕೊಡಿ, ಒಂದು ಕಾರ್ಯಕ್ರಮಕ್ಕೆ ಒಂದೂವರೆ ನಿಮಿಷದ ಮಾತು. ಕಲಾವಿದರ ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕು ಅಂತ ಅವರನ್ನೇ ಕೇಳಿಕೊಳ್ಳಲಿ.

ವಿದ್ಯಾರ್ಥಿ ಸ್ವಯಂಸೇವಕರನ್ನು ಮೂರು ಗುಂಪು ಮಾಡಿ. ಒಂದು ಗುಂಪು ಕಲಾವಿದರ ಜೊತೆ. ಪ್ರತಿ ತಂಡಕ್ಕೂ ಬಸ್ಸಿಳಿದಾಗಿನಿಂದ ಬಸ್ಸು ಹತ್ತಿಸುವವರೆಗೆ ಇಬ್ಬರು ಜೊತೆಗೇ ಇರಬೇಕು. ಇನ್ನೊಂದು ಪ್ರೇಕ್ಷಕರ ಕಡೆ, ವಯಸ್ಸಾದವರಿಗೆ ಕುರ್ಚಿ, ಗಾಲಿಕುರ್ಚಿಗೆ ದಾರಿ, ಕುಡಿಯುವ ನೀರು ನೋಡಿಕೊಳ್ಳಲಿ. ಮೂರನೆಯದು ವೇದಿಕೆ ಹಿಂದೆ. ಸ್ವಯಂಸೇವಕರೂ ಏನಾದರೂ ಒಂದನ್ನು ಪೂರ್ತಿ ನೋಡುವ ಹಾಗೆ ಪಾಳಿ ಹಾಕಿ. ಎರಡು ದಿನ ಓಡಾಡಿ ಒಂದು ಹಾಡನ್ನೂ ಕೇಳದೆ ಹೋಗುವುದು ಯಾವ ನ್ಯಾಯ?

ಊಟದ ವಿಷಯ ಒಂದೇ ಮಾತು. ಕಲಾವಿದರಿಗೂ ಅತಿಥಿಗಳಿಗೂ ಒಂದೇ ಪಂಕ್ತಿ, ಒಂದೇ ಅಡುಗೆ. ಯಕ್ಷಗಾನ, ನಾಟಕದವರಿಗೆ ಬಣ್ಣ ತೆಗೆದು ಬರುವ ಹೊತ್ತಿಗೆ ಹತ್ತೂವರೆ ಆಗುತ್ತದೆ. ಅಷ್ಟೊತ್ತಿಗೂ ಅನ್ನ ಸಾರು ಬಿಸಿಯಾಗಿರುವ ಹಾಗೆ ಅಡುಗೆಯವರಿಗೆ ಮೊದಲೇ ಹೇಳಿಡಿ. ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ, ಹಳೆಯ ಬಟ್ಟೆ, ಸೋಪು, ಬಿಸಿನೀರು ಚೌಕಿಯಲ್ಲಿ ಇಟ್ಟಿರಿ.

ಮುಗಿದ ಮೇಲೆ

ಮರುದಿನ ಬೆಳಗ್ಗೆ ಎಲ್ಲರೂ ಸೇರಿ ಜಾಗ ಸ್ವಚ್ಛ ಮಾಡಿ. ಮರಗಳಿಗೆ ಹೊಡೆದ ಮೊಳೆ, ಕಟ್ಟಿದ ತಂತಿ ಬಿಚ್ಚಿ. ಮೂರು ದಿನದೊಳಗೆ ಬಿಲ್‌ಗಳನ್ನು ಜೋಡಿಸಿ ಹಣಕಾಸು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಭಾವನೆ ಖಾತೆಗೆ ಬಂತೇ ಅಂತ ಕಲಾವಿದರಿಗೆ ಫೋನ್ ಮಾಡಿ ಕೇಳಿ. ಬರುವವರೆಗೂ ವಾರಕ್ಕೊಮ್ಮೆ ಕಡತದ ಹಿಂದೆ ಹೋಗುವ ಕೆಲಸವನ್ನು ಒಬ್ಬರ ಹೆಸರಿಗೇ ಬರೆದಿಡಿ. ಫೋಟೋ, ಧ್ವನಿಮುದ್ರಣಗಳನ್ನು ತಂಡದವರಿಗೂ ಕಳಿಸಿ, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ. ಯಾವ ಮೈಕಿನವರು ಒಳ್ಳೆಯವರು, ಯಾವ ಜಾಗದಲ್ಲಿ ಸೊಳ್ಳೆ, ಯಾವ ತಂಡಕ್ಕೆ ಏನು ಬೇಕಾಗಿತ್ತು ಅಂತ ಒಂದು ಪುಸ್ತಕದಲ್ಲಿ ಬರೆದು, ಮುಂದಿನ ವರ್ಷದ ಸಮಿತಿಯ ಮೊದಲ ಸಭೆಗೆ ಸಿಗುವ ಹಾಗೆ ವಿಭಾಗದ ಕಚೇರಿಯಲ್ಲಿ ಇಡಿ.